ನಾಳ ಬದಲಾಗಿಲ್ಲ, ಸಂಖ್ಯೆ ಬದಲಾಗಿದೆ

ಸಕ್ಕರೆ ಕಾಯಿಲೆ ಇರುವವರ ಮನೆಗಳಲ್ಲಿ ಈಗ ಕಣ್ಣಿನ ಪರೀಕ್ಷೆಗೆಂದೇ ಒಂದು ಫೈಲು ಇರುತ್ತದೆ. ಅದರೊಳಗೆ ಕಿತ್ತಳೆ ಬಣ್ಣದ ದುಂಡನೆಯ ಫೋಟೊ, ಅದರ ತುಂಬ ಕವಲೊಡೆದ ಕೆಂಪು ಗೆರೆಗಳು. ಈಚಿನ ಫೈಲಾದರೆ ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಗಿನ ಬಲೆಯ ಚಿತ್ರವೂ ಒಂದಿದ್ದು, ಅದರ ಪಕ್ಕದಲ್ಲಿ ಕೆಲವು ಸಂಖ್ಯೆಗಳಿರುತ್ತವೆ. ಕಣ್ಣಿನ ಹಿಂಭಾಗದ ಪರದೆಯಲ್ಲಿ, ಅಂದರೆ ಅಕ್ಷಿಪಟಲದಲ್ಲಿ, ರಕ್ತನಾಳಗಳು ಎಷ್ಟು ಜಾಗ ತುಂಬಿಕೊಂಡಿವೆ ಎಂಬುದನ್ನು ಆ ಸಂಖ್ಯೆಗಳು ಹೇಳುತ್ತವೆ. ಇದನ್ನು ನಾಳ ಸಾಂದ್ರತೆ ಎನ್ನೋಣ. ಸಂಖ್ಯೆ ಇಳಿದಿದ್ದರೆ ರೋಗಿಗೆ ಗಾಬರಿ, ಏರಿದ್ದರೆ ನಿರಾಳ.

ಆ ರೋಗಿಯನ್ನು ಹತ್ತು ನಿಮಿಷ ಹೊರಗೆ ಕೂರಿಸಿ ಮತ್ತೆ ಒಳಗೆ ಕರೆಯಿರಿ. ಅದೇ ಯಂತ್ರ, ಅದೇ ತಂತ್ರಜ್ಞೆ, ಅದೇ ಕಣ್ಣು. ಮೊದಲ ಸಲ ಶೇಕಡಾ 48 ಬಂದಿದ್ದ ಸಂಖ್ಯೆ ಈ ಸಲ 46 ಎಂದು ಬರಬಹುದು, 49 ಎಂದೂ ಬರಬಹುದು. ಹತ್ತು ನಿಮಿಷದಲ್ಲಿ ರಕ್ತನಾಳಗಳು ಒಣಗಿ ಹೋಗುವುದಿಲ್ಲ, ಹೊಸದಾಗಿ ಚಿಗುರುವುದೂ ಇಲ್ಲ. ಹಾಗಾದರೆ ಬದಲಾದದ್ದು ಏನು?

ಇದು ತಂತ್ರಜ್ಞೆಯ ಅಜಾಗ್ರತೆಯ ಪ್ರಶ್ನೆಯಲ್ಲ, ಯಂತ್ರ ಕೆಟ್ಟಿದೆ ಎಂದೂ ಅಲ್ಲ. ಉತ್ತರ ಇರುವುದು ಆ ಚಿತ್ರ ಹುಟ್ಟುವ ಬಗೆಯಲ್ಲಿ.

ಸಂಖ್ಯೆಯೇ ಏಕೆ ಬೇಕಾಯಿತು?

ಚರ್ಮ ಸೀಳದೆ ರಕ್ತನಾಳಗಳನ್ನು ನೇರವಾಗಿ, ಸ್ಪಷ್ಟವಾಗಿ ನೋಡಬಹುದಾದ ಜಾಗ ದೇಹದಲ್ಲಿ ಅಕ್ಷಿಪಟಲವಲ್ಲದೆ ಬೇರೆ ಇಲ್ಲವೆನ್ನಬಹುದು. 1851ರಲ್ಲಿ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ಇಣುಕುವ ಉಪಕರಣವನ್ನು ವಿವರಿಸಿ ಪ್ರಕಟಿಸಿದ ಮೇಲೆ ವೈದ್ಯರು ಈ ಕಿಂಡಿಯನ್ನು ಬಿಟ್ಟವರಲ್ಲ. 1939ರಲ್ಲಿ ಅಮೆರಿಕದ ಕೀತ್, ವ್ಯಾಗನರ್ ಮತ್ತು ಬಾರ್ಕರ್ ಅವರು ರಕ್ತದೊತ್ತಡದ ರೋಗಿಗಳ ಅಕ್ಷಿಪಟಲವನ್ನು ನೋಡಿ ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಮೇಲಿನ ದರ್ಜೆಯವರು ಬೇಗ ಸಾಯುತ್ತಿದ್ದರು. ಕಣ್ಣಿನ ನಾಳಗಳು ಇಡೀ ದೇಹದ ನಾಳಗಳ ಪರವಾಗಿ ಮಾತನಾಡುತ್ತವೆ ಎಂಬ ನಂಬಿಕೆ ಗಟ್ಟಿಯಾದದ್ದು ಇಂಥ ಕೆಲಸಗಳಿಂದ. 2018ರಲ್ಲಿ ಗೂಗಲ್‌ನ ಸಂಶೋಧಕರು ಬರೀ ಅಕ್ಷಿಪಟಲದ ಫೋಟೊದಿಂದ ವಯಸ್ಸು, ಲಿಂಗ, ಹೃದಯಾಘಾತದ ಅಪಾಯವನ್ನು ಕಂಪ್ಯೂಟರ್ ಅಂದಾಜು ಮಾಡಬಲ್ಲದು ಎಂದು ತೋರಿಸಿದಾಗ ಪತ್ರಿಕೆಗಳು ಅದನ್ನು ದೊಡ್ಡದಾಗಿ ಬರೆದದ್ದು ಹಲವರಿಗೆ ನೆನಪಿರಬಹುದು.

ಆದರೆ ಮನುಷ್ಯರು ಕಣ್ಣಂದಾಜಿನಲ್ಲಿ ದರ್ಜೆ ಕೊಡುವಾಗ ಒಮ್ಮತ ಇರುವುದಿಲ್ಲ. ಇದರ ಕಟುವಾದ ಉದಾಹರಣೆ ಅವಧಿಗೆ ಮುನ್ನ ಹುಟ್ಟಿದ ಶಿಶುಗಳದ್ದು. ಆ ಕೂಸುಗಳ ಅಕ್ಷಿಪಟಲದ ನಾಳಗಳು ಅಂಚಿನವರೆಗೆ ಇನ್ನೂ ಬೆಳೆದಿರುವುದಿಲ್ಲ. ಕೆಲವರಲ್ಲಿ ಅವು ದಾರಿ ತಪ್ಪಿ ಬೆಳೆದು ಪರದೆಯನ್ನೇ ಎಳೆದು ಕೀಳುತ್ತವೆ, ಮಗು ಕುರುಡಾಗುತ್ತದೆ. ನಾಳಗಳು ಊದಿಕೊಂಡು ಸುರುಳಿ ಸುತ್ತತೊಡಗಿದರೆ ಅಪಾಯ ಹತ್ತಿರ ಬಂದಿದೆ ಎಂದರ್ಥ. ವೈದ್ಯರು ಈ ಲಕ್ಷಣವನ್ನು ‘ಪ್ಲಸ್’ ಎನ್ನುತ್ತಾರೆ. ಆಮೇಲೆ ಎರಡು ಮೂರು ದಿನಗಳೊಳಗೆ ಲೇಸರ್ ಅಥವಾ ಇಂಜೆಕ್ಷನ್ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆ, ತಾಲ್ಲೂಕುಗಳ ನವಜಾತ ಶಿಶು ಘಟಕಗಳಿಗೆ ಕ್ಯಾಮೆರಾ ಹೊತ್ತು ಹೋಗಿ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ಅದನ್ನು ನೋಡುತ್ತಾರೆ. ಇಂಥ ಚಿತ್ರ ನೋಡಿ ‘ಪ್ಲಸ್ ಇದೆ’ ಅಥವಾ ‘ಇಲ್ಲ’ ಎನ್ನುವುದರ ಮೇಲೆ ಒಂದು ಮಗುವಿನ ಜೀವನಪೂರ್ತಿಯ ದೃಷ್ಟಿ ನಿಂತಿರುತ್ತದೆ.

2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ 34 ಚಿತ್ರಗಳನ್ನು ಈ ಕಾಯಿಲೆಯಲ್ಲಿ ನುರಿತ 22 ತಜ್ಞರ ಮುಂದಿಟ್ಟರು. ಪ್ಲಸ್ ಇದೆಯೇ ಇಲ್ಲವೇ ಎಂಬ ಎರಡೇ ಉತ್ತರದ ಲೆಕ್ಕದಲ್ಲೂ ಎಲ್ಲರೂ ಒಂದೇ ಮಾತು ಹೇಳಿದ್ದು 7 ಚಿತ್ರಗಳಿಗೆ ಮಾತ್ರ. ಅವರೆಲ್ಲ ಆ ಕ್ಷೇತ್ರದ ಹಿರಿಯರು. ಎಷ್ಟು ಊದಿದರೆ ‘ಊದಿದೆ’ ಎನ್ನಬೇಕು ಎಂಬ ಗೆರೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಕಡೆ ಇತ್ತು, ಅಷ್ಟೆ. ಸಂಖ್ಯೆಯ ಹಂಬಲ ಹುಟ್ಟುವುದು ಇಲ್ಲಿಂದಲೇ, ಅದು ನ್ಯಾಯವಾದ ಹಂಬಲ.

ಪಿಕ್ಸೆಲ್‌ಗಿಂತ ಕಿರಿದಾದ ಸತ್ಯ

ಮೊದಲು ಅಳೆಯಲು ಹೊರಟದ್ದು ನಾಳದ ಅಗಲವನ್ನು. ಫೋಟೊದಲ್ಲಿ ಕಾಣುವ ಕೆಂಪು ಗೆರೆಯ ಈ ಅಂಚಿನಿಂದ ಆ ಅಂಚಿಗೆ ಎಷ್ಟು ದೂರ? ಕೇಳಲು ಸರಳ.

ಸ್ವಲ್ಪ ಹತ್ತಿರ ಹೋಗಿ ನೋಡೋಣ. ಸಾಮಾನ್ಯ ಅಕ್ಷಿಪಟಲ ಕ್ಯಾಮೆರಾದ ಫೋಟೊದಲ್ಲಿ ಸುಮಾರು 13 ಮಿಲಿಮೀಟರ್ ಅಗಲದ ಪರದೆ ಕಾಣುತ್ತದೆ. ಅದನ್ನು 2000 ಪಿಕ್ಸೆಲ್‌ಗಳಲ್ಲಿ ಸೆರೆ ಹಿಡಿದರೆ ಒಂದು ಪಿಕ್ಸೆಲ್‌ಗೆ ಆರೂವರೆ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ದೃಷ್ಟಿನರ ಹೊರಡುವ ತಟ್ಟೆಯ ಬಳಿ ಒಂದು ಅಪಧಮನಿ ಸುಮಾರು 100 ಮೈಕ್ರಾನ್ ಅಗಲ ಇರುತ್ತದೆ, ಎಂದರೆ ಹೆಚ್ಚುಕಡಿಮೆ 15 ಪಿಕ್ಸೆಲ್. ಅಂಚನ್ನು ಗುರುತಿಸುವಾಗ ಒಂದು ಪಿಕ್ಸೆಲ್ ಆಚೀಚೆ ಆದರೆ ಅಳತೆ ಶೇಕಡಾ 6, 7ರಷ್ಟು ಜಾರಿತು. ಆ ಅಂಚೂ ಖಚಿತವಲ್ಲ. ಫೋಟೊದಲ್ಲಿ ಕಾಣುವುದು ನಾಳದ ಗೋಡೆಯಲ್ಲ, ಗೋಡೆ ಪಾರದರ್ಶಕ. ಕಾಣುವುದು ಒಳಗೆ ಹರಿಯುವ ರಕ್ತದ ಕೆಂಪು ಕಂಬ. ಫೋಕಸ್ ತುಸು ತಪ್ಪಿದರೆ ಆ ಕಂಬ ದಪ್ಪಗಾಗುತ್ತದೆ. ಹೃದಯ ಬಡಿದಂತೆಲ್ಲ ನಾಳ ಹಿಗ್ಗಿ ಕುಗ್ಗುತ್ತದೆ, ಫೋಟೊ ಸಿಕ್ಕುವುದು ಆ ಬಡಿತದ ಯಾವುದೋ ಒಂದು ಕ್ಷಣದಲ್ಲಿ. ಮಿಣುಕುವ ಬೆಳಕು ನೋಡಿದರೆ ನಾಳ ಶೇಕಡಾ 3ರಿಂದ 5ರಷ್ಟು ಹಿಗ್ಗುತ್ತದೆ, ಶುದ್ಧ ಆಮ್ಲಜನಕ ಉಸಿರಾಡಿದರೆ ಕುಗ್ಗುತ್ತದೆ.

ಈಗ ಹುಡುಕುತ್ತಿರುವ ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೀವರ್ ಡ್ಯಾಮ್ ಎಂಬ ಊರಿನಲ್ಲಿ ಸುಮಾರು 4,900 ಮಂದಿಯ ಕಣ್ಣುಗಳನ್ನು 1988ರಿಂದ 1990ರ ನಡುವೆ ಪರೀಕ್ಷಿಸಿದ್ದರು. ಆ ಫೋಟೊಗಳನ್ನು ಅಳೆದಾಗ, ಸರಾಸರಿ ರಕ್ತದೊತ್ತಡ 10 ಮಿಲಿಮೀಟರ್ ಹೆಚ್ಚಾದಂತೆ ಕಿರು ಅಪಧಮನಿಗಳು ಸುಮಾರು 4 ಮೈಕ್ರಾನ್ ಕಿರಿದಾಗಿರುವುದು ಕಂಡಿತು. ನಮ್ಮ ಲೆಕ್ಕದ ಪಿಕ್ಸೆಲ್‌ಗಿಂತ ಕಡಿಮೆ! ಒಬ್ಬರ ಫೋಟೊದಲ್ಲಿ ಇದನ್ನು ಹಿಡಿಯಲಾಗದು. ಸಾವಿರಾರು ಜನರ ಅಳತೆಗಳನ್ನು ಒಟ್ಟು ಹಾಕಿದಾಗ ಒಬ್ಬರದು ಮೇಲಕ್ಕೆ, ಇನ್ನೊಬ್ಬರದು ಕೆಳಕ್ಕೆ ಜಾರಿದ ತಪ್ಪುಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಆ 4 ಮೈಕ್ರಾನ್ ಉಳಿದು ಕಾಣುತ್ತದೆ.

ಈ ಭೇದವನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದು ನನ್ನ ಆಸೆ. ‘ಅಕ್ಷಿಪಟಲದ ನಾಳಗಳು ಹೃದಯದ ಬಗ್ಗೆ ಹೇಳುತ್ತವೆ’ ಎಂಬುದು ಸಮೂಹದ ಮಟ್ಟಿಗೆ ನಿಜ. ‘ನಿಮ್ಮ ನಾಳ ನೋಡಿ ನಿಮ್ಮ ಹೃದಯದ ಬಗ್ಗೆ ಹೇಳುತ್ತೇವೆ’ ಎಂಬುದು ಬೇರೆಯೇ ಮಾತು. ಮೊದಲನೆಯದಕ್ಕೆ ಪುರಾವೆ ಇದೆ ಎಂದು ಎರಡನೆಯದನ್ನು ಮಾರುವ ಜಾಹೀರಾತುಗಳು ಜನರಿಗೆ ಅನ್ಯಾಯ ಮಾಡುತ್ತವೆ.

ಗೋಡೆಯ ಮೇಲಿನ ಇರುವೆ ಸಾಲು

ದೊಡ್ಡ ನಾಳಗಳ ಕಥೆ ಇದಾದರೆ, ಸಕ್ಕರೆ ಕಾಯಿಲೆ ಮೊದಲು ಕೈ ಹಾಕುವುದು ಅತಿ ಸಣ್ಣ ಲೋಮನಾಳಗಳಿಗೆ. ಅವುಗಳ ಅಗಲ 5ರಿಂದ 10 ಮೈಕ್ರಾನ್. ಸಾಧಾರಣ ಫೋಟೊದಲ್ಲಿ ಅವು ಕಾಣುವುದೇ ಇಲ್ಲ. 1961ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ನೊವಾಟ್ನಿ ಮತ್ತು ಆಲ್ವಿಸ್ ತೋಳಿನ ರಕ್ತನಾಳಕ್ಕೆ ಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣ ಚುಚ್ಚಿ, ಅದು ಕಣ್ಣಿನ ನಾಳಗಳಲ್ಲಿ ಹರಿಯುವುದನ್ನು ಚಿತ್ರಿಸುವ ವಿಧಾನ ಕೊಟ್ಟರು. ಇಂದಿಗೂ ಅದು ಬಳಕೆಯಲ್ಲಿದೆ. ಆದರೆ ಸೂಜಿ ಚುಚ್ಚಬೇಕು, ಕೆಲವರಿಗೆ ವಾಕರಿಕೆ ಬರುತ್ತದೆ, ಅಪರೂಪಕ್ಕೆ ತೀವ್ರ ಅಲರ್ಜಿಯೂ ಆಗುತ್ತದೆ.

ಬಣ್ಣವಿಲ್ಲದೆ, ಸೂಜಿಯಿಲ್ಲದೆ ಲೋಮನಾಳಗಳನ್ನು ತೋರಿಸುವ ಹೊಸ ವಿಧಾನವೇ ಓಸಿಟಿ ಆಂಜಿಯೋಗ್ರಫಿ. ಓಸಿಟಿ ಯಂತ್ರ 1991ರಿಂದ ಇದೆ. ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಒಳಗೆ ಬಿಟ್ಟು, ಯಾವ ಆಳದಿಂದ ಎಷ್ಟು ಬೆಳಕು ಮರಳಿತು ಎಂದು ಲೆಕ್ಕ ಹಾಕಿ ಪರದೆಯ ಪದರಗಳನ್ನು ಚಿತ್ರಿಸುತ್ತದೆ. ಅದೇ ಯಂತ್ರದಿಂದ ನಾಳಗಳನ್ನು ಬೇರ್ಪಡಿಸಿ ತೋರಿಸುವ ಉಪಾಯ ಕಳೆದ ದಶಕದಲ್ಲಿ ಆಸ್ಪತ್ರೆಗಳಿಗೆ ಬಂತು.

ಆ ಉಪಾಯ ಹೀಗಿದೆ. ಚುಕ್ಕೆ ಚುಕ್ಕೆಯ ಬೂದು ಕಲ್ಲಿನ ಗೋಡೆಯ ಮೇಲೆ ಇರುವೆಗಳ ಸಾಲೊಂದು ಹೋಗುತ್ತಿದೆ ಎನ್ನಿ. ನೀವು ದೂರದಲ್ಲಿದ್ದೀರಿ, ಒಂದೊಂದು ಇರುವೆ ಕಾಣುವುದಿಲ್ಲ, ಕಲ್ಲಿನ ಚುಕ್ಕೆ ಯಾವುದು ಇರುವೆ ಯಾವುದು ತಿಳಿಯುವುದಿಲ್ಲ. ಗೋಡೆಯ ಫೋಟೊ ತೆಗೆಯಿರಿ. ಕ್ಷಣ ಬಿಟ್ಟು ಅದೇ ಜಾಗದಿಂದ ಇನ್ನೊಂದು ತೆಗೆಯಿರಿ. ಎರಡನ್ನೂ ಒಂದರ ಮೇಲೊಂದು ಇಟ್ಟು ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಮಾತ್ರ ಬಿಳಿ ಬಣ್ಣ ಹಚ್ಚಿ, ಉಳಿದದ್ದನ್ನು ಕಪ್ಪು ಮಾಡಿ. ಕಲ್ಲಿನ ಚುಕ್ಕೆಗಳು ಅಲುಗಿಲ್ಲ, ಅವೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ಇರುವೆಗಳು ಸಾಗಿದ ಹಾದಿ ಬೆಳ್ಳಗೆ ಎದ್ದು ಬರುತ್ತದೆ.

ಓಸಿಟಿ ಆಂಜಿಯೋಗ್ರಫಿ ಮಾಡುವುದು ಇಷ್ಟೆ. ಒಂದೇ ಗೆರೆಯನ್ನು ಸುಮಾರು 5 ಮಿಲಿಸೆಕೆಂಡ್ ಅಂತರದಲ್ಲಿ ಎರಡು ಅಥವಾ ಹೆಚ್ಚು ಸಲ ನೋಡುತ್ತದೆ. ಲೋಮನಾಳದಲ್ಲಿ ಒಂದರ ಹಿಂದೊಂದು ಸಾಗುವ ಕೆಂಪು ರಕ್ತಕಣಗಳೇ ಇಲ್ಲಿನ ಇರುವೆಗಳು. ಅವು ಅಲುಗಿದ ಕಡೆ ಬೆಳಕಿನ ಸಂಕೇತ ಬದಲಾಗುತ್ತದೆ, ಅಲ್ಲಿ ಯಂತ್ರ ಬಿಳಿ ಚುಕ್ಕೆ ಇಡುತ್ತದೆ. ಆ ಬಿಳಿ ಚುಕ್ಕೆಗಳೇ ಕೂಡಿ ಬಲೆಯಾಗುತ್ತವೆ.

ಎಂದರೆ ಯಂತ್ರ ನಾಳವನ್ನು ನೋಡಿಯೇ ಇಲ್ಲ. ಅದು ನೋಡಿದ್ದು ಬದಲಾವಣೆಯನ್ನು. ‘ಇಲ್ಲಿ ನಾಳ ಇದೆ’ ಎಂದು ಚಿತ್ರ ಹೇಳುವಂತೆ ತೋರಿದರೂ ಅದು ಹೇಳುತ್ತಿರುವುದು ‘5 ಮಿಲಿಸೆಕೆಂಡಿನಲ್ಲಿ ಇಲ್ಲಿ ಏನೋ ಅಲುಗಿತು’ ಎಂದು ಮಾತ್ರ.

ಓಲಾಟದ ಮೂಲಗಳು

ಏನೂ ಬದಲಾಗದೆ ಇದ್ದರೂ ಸಂಖ್ಯೆ ಏರಿಳಿಯುವುದನ್ನು ಓಲಾಟ ಎಂದು ಕರೆಯೋಣ. ಅದರ ಮೂಲಗಳು ಈಗ ಒಂದೊಂದಾಗಿ ಕಾಣತೊಡಗುತ್ತವೆ.

ಫೋಟೊ ತೆಗೆಯುವವನ ಕೈ ನಡುಗಿದರೆ ಇಡೀ ಗೋಡೆಯೇ ಅಲುಗಿದಂತೆ ಆಗುತ್ತದೆ. ಕಣ್ಣು ಎಷ್ಟು ಹಟ ಹಿಡಿದು ನೆಟ್ಟರೂ ಸಣ್ಣದಾಗಿ ಜಿಗಿಯುತ್ತಲೇ ಇರುತ್ತದೆ. ಅಂಥ ಜಿಗಿತ ಆದ ಕ್ಷಣ ಚಿತ್ರದಲ್ಲಿ ಅಡ್ಡಕ್ಕೆ ಒಂದು ಬಿಳಿ ಪಟ್ಟಿ ಮೂಡುತ್ತದೆ, ಅದರ ಮೇಲೆ ಕೆಳಗೆ ಒಂದೇ ನಾಳ ತುಂಡಾಗಿ ಪಕ್ಕಕ್ಕೆ ಸರಿದಿರುತ್ತದೆ. ರೆಪ್ಪೆ ಬಡಿದರೆ ಕಪ್ಪು ಪಟ್ಟಿ. ಈಗಿನ ಯಂತ್ರಗಳು ಕಣ್ಣಿನ ಚಲನೆಯನ್ನು ಹಿಂಬಾಲಿಸಿ ಬಹುಪಾಲು ಇದನ್ನು ಸರಿಪಡಿಸುತ್ತವೆ, ಪೂರ್ತಿಯಾಗಿ ಅಲ್ಲ. ಬಿಳಿ ಪಟ್ಟಿ ಹೆಚ್ಚಿದಷ್ಟೂ ಯಂತ್ರದ ಲೆಕ್ಕದಲ್ಲಿ ‘ನಾಳ’ ಹೆಚ್ಚಾಗಬಹುದು.

ನೆರಳಿನ ತೊಂದರೆ ಇನ್ನೊಂದು. ಇರುವೆಗಳ ನೆರಳು ಹಿಂದಿನ ಇನ್ನೊಂದು ಗೋಡೆಯ ಮೇಲೆ ಬಿದ್ದರೆ, ಅಲ್ಲೂ ಏನೋ ಸಾಗುತ್ತಿದೆ ಎಂದೇ ಫೋಟೊಗಳು ಹೇಳುತ್ತವೆ. ಅಕ್ಷಿಪಟಲದ ಲೋಮನಾಳಗಳು ಒಂದೇ ಪದರದಲ್ಲಿಲ್ಲ. ಮೇಲಿನ ಪದರದ ರಕ್ತದ ನೆರಳು ಕೆಳಗಿನ ಪದರದ ಮೇಲೆ ಬಿದ್ದು ಅಲುಗುತ್ತದೆ, ಇಲ್ಲದ ನಾಳಗಳು ಅಲ್ಲಿ ಮೂಡುತ್ತವೆ. ಆಳದ ಪದರದ ಸಂಖ್ಯೆಗಳನ್ನು ಹೆಚ್ಚು ಎಚ್ಚರದಿಂದ ಓದಬೇಕಾದ ಒಂದು ಕಾರಣ ಇದು.

ಆದರೆ ನಮ್ಮ ಆಸ್ಪತ್ರೆಗಳಲ್ಲಿ ನಿತ್ಯವೂ ಕಾಡುವುದು ಬೆಳಕಿನ ಕೊರತೆ. ಮಸುಕಾದ ಗಾಜಿನ ಮೂಲಕ ಫೋಟೊ ತೆಗೆದರೆ ಇರುವೆಯ ಚಲನೆಯೂ ಮಸುಕು. ಕಣ್ಣಿನ ಪೊರೆ, ಒಣಗಿದ ಕಣ್ಣು, ಕಿರಿದಾದ ಪಾಪೆ, ಇವೆಲ್ಲ ಒಳಹೋಗಿ ಬರುವ ಬೆಳಕನ್ನು ಕಡಿಮೆ ಮಾಡುತ್ತವೆ. ಸಂಕೇತ ಕ್ಷೀಣಿಸಿದಂತೆ ತೆಳುವಾದ ನಾಳಗಳು ಗದ್ದಲದಲ್ಲಿ ಮುಳುಗಿ ಹೋಗುತ್ತವೆ, ಸಾಂದ್ರತೆಯ ಸಂಖ್ಯೆ ಇಳಿಯುತ್ತದೆ. ಪೊರೆ ತೆಗೆಸಿಕೊಂಡ ಮೇಲೆ ಅದೇ ಕಣ್ಣಿನ ಸಂಖ್ಯೆ ಏರುತ್ತದೆ. ಅರುವತ್ತು ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಪೊರೆಯೂ ಬೆಳೆಯುತ್ತಿರುತ್ತದೆ, ನಾಳವೂ ಸವೆಯುತ್ತಿರುತ್ತದೆ. ಎರಡೂ ಸಂಖ್ಯೆಯನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ಯಾವುದು ಎಷ್ಟು ತಳ್ಳಿತೆಂದು ವರದಿಯ ಹಾಳೆ ಹೇಳುವುದಿಲ್ಲ. ಅದಕ್ಕೇ ಅನುಭವಸ್ಥ ತಂತ್ರಜ್ಞರು ಚಿತ್ರ ತೆಗೆಯುವ ಮೊದಲು ಒಂದು ಹನಿ ಕೃತಕ ಕಣ್ಣೀರು ಹಾಕಿ, ‘ಒಂದೆರಡು ಸಲ ರೆಪ್ಪೆ ಬಡಿಯಿರಿ, ಈಗ ನೆಟ್ಟಗೆ ನೋಡಿ’ ಎನ್ನುತ್ತಾರೆ. ಆ ಒಂದು ಹನಿ ಸಂಖ್ಯೆಯನ್ನು ತಿದ್ದಬಲ್ಲದು. ವರದಿಯ ಮೂಲೆಯಲ್ಲಿ ಸಂಕೇತದ ಬಲ ಎಂದು ಒಂದು ಅಂಕೆ ಇರುತ್ತದೆ. ಎರಡು ವರ್ಷಗಳ ವರದಿಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದದ್ದು ಅದನ್ನು.

ಕಣ್ಣಿನ ಉದ್ದದ ಲೆಕ್ಕವೂ ಇದೆ. ‘3 ಮಿಲಿಮೀಟರ್ ಚೌಕ’ ಎಂದು ಯಂತ್ರ ಹೇಳುವಾಗ ಅದು 24 ಮಿಲಿಮೀಟರ್ ಚಿಲ್ಲರೆ ಉದ್ದದ ಮಾದರಿ ಕಣ್ಣೊಂದನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತದೆ. ಮೈನಸ್ ಕನ್ನಡಕ ಹಾಕುವ ಸಮೀಪದೃಷ್ಟಿಯವರ ಕಣ್ಣು ಇದಕ್ಕಿಂತ ಉದ್ದ. 26 ಮಿಲಿಮೀಟರ್ ಕಣ್ಣಿನಲ್ಲಿ ಆ ಚೌಕದ ನಿಜವಾದ ಬದಿ 3.2 ಮಿಲಿಮೀಟರ್ ಆಗುತ್ತದೆ, ವಿಸ್ತೀರ್ಣ ಶೇಕಡಾ 14ರಷ್ಟು ತಪ್ಪುತ್ತದೆ. ಈ ತಪ್ಪು ಓಲಾಡುವುದಿಲ್ಲ, ಪ್ರತಿ ಸಲವೂ ಒಂದೇ ದಿಕ್ಕಿಗೆ ಇರುತ್ತದೆ. ಆದ್ದರಿಂದ ಒಬ್ಬರನ್ನು ಅವರ ಹಿಂದಿನ ಅಳತೆಯ ಜೊತೆ ಹೋಲಿಸಿದರೆ ಅಷ್ಟು ಹಾನಿಯಿಲ್ಲ, ಪಕ್ಕದವರ ಜೊತೆ ಹೋಲಿಸಿದರೆ ಹಾನಿ.

ಕೊನೆಗೆ ಲೆಕ್ಕ ಹಾಕುವ ತಂತ್ರಾಂಶ. ಎಷ್ಟು ಬೆಳ್ಳಗಿದ್ದರೆ ನಾಳ, ಎಷ್ಟರ ಕೆಳಗಿದ್ದರೆ ಅಲ್ಲ ಎಂದು ಒಂದು ಗಡಿ ಹಾಕಬೇಕು. ಒಂದೇ ಚಿತ್ರಕ್ಕೆ ಬೇರೆ ಬೇರೆ ಗಡಿ ಹಾಕಿದರೆ ಬೇರೆ ಬೇರೆ ಸಾಂದ್ರತೆ ಬರುತ್ತದೆ. ಒಂದು ಕಂಪನಿಯ ಯಂತ್ರ ಸಾಂದ್ರತೆ ಎಂದು ವಿಸ್ತೀರ್ಣದ ಶೇಕಡಾ ಕೊಡುತ್ತದೆ, ಇನ್ನೊಂದರಲ್ಲಿ ಅದೇ ಹೆಸರಿನ ಸಂಖ್ಯೆ ಚದರ ಮಿಲಿಮೀಟರಿಗೆ ಎಷ್ಟು ಮಿಲಿಮೀಟರ್ ಉದ್ದದ ನಾಳ ಎಂಬುದಾಗಿರುತ್ತದೆ. ಹೋದ ವರ್ಷ ಒಂದು ಆಸ್ಪತ್ರೆ, ಈ ವರ್ಷ ಇನ್ನೊಂದು ಎಂದು ಬದಲಿಸಿದವರ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ಕಾಯಿಲೆ ಹೆಚ್ಚಿತೋ ಇಳಿಯಿತೋ ಹೇಳುವುದು ಸಾಧ್ಯವಿಲ್ಲ. ರೋಗಿಗೆ ಇದನ್ನು ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ.

ಎಷ್ಟು ಇಳಿದರೆ ನಿಜವಾಗಿ ಇಳಿದಂತೆ?

1986ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞರಾದ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು. ಅಲ್ಲಿಯವರೆಗೆ ಎರಡು ಅಳತೆಗಳು ಹೊಂದುತ್ತವೆಯೇ ಎಂದು ನೋಡಲು, ಒಂದು ಏರಿದಾಗ ಇನ್ನೊಂದೂ ಏರುತ್ತದೆಯೇ ಎಂದು ಪರೀಕ್ಷಿಸುವುದು ರೂಢಿಯಾಗಿತ್ತು. ಅವರು ಹೇಳಿದ್ದು: ಅದು ಸಾಲದು, ಎರಡು ಅಳತೆಗಳ ವ್ಯತ್ಯಾಸವನ್ನೇ ತೆಗೆದುಕೊಂಡು ಅದು ಎಷ್ಟರ ಮಟ್ಟಿಗೆ ಹರಡಿದೆ ನೋಡಿ.

ಯಾಕೆಂದರೆ ತುಂಬ ಆರೋಗ್ಯವಂತರನ್ನೂ ತುಂಬ ಕಾಯಿಲೆಯವರನ್ನೂ ಒಟ್ಟಿಗೆ ಅಳೆದರೆ ಯಾವ ಯಂತ್ರವಾದರೂ ಅವರನ್ನು ಸರಿಯಾದ ಕ್ರಮದಲ್ಲಿ ನಿಲ್ಲಿಸುತ್ತದೆ. ಒಬ್ಬರದು 50, ಇನ್ನೊಬ್ಬರದು 35 ಇದ್ದಾಗ ಎರಡು ಮೂರು ಅಂಕಗಳ ಓಲಾಟ ಲೆಕ್ಕಕ್ಕೆ ಬರುವುದಿಲ್ಲ. ಯಂತ್ರದ ಪರಿಚಯ ಪತ್ರದಲ್ಲಿ ‘ಉತ್ತಮ ಹೊಂದಿಕೆ’ ಎಂದು ಅಚ್ಚಾಗುತ್ತದೆ. ಆದರೆ ವೈದ್ಯರ ಮುಂದೆ ಕೂತ ವ್ಯಕ್ತಿಗೆ ಬೇಕಾದದ್ದು ಹೋದ ವರ್ಷದ 48 ಈ ವರ್ಷ 45 ಆದದ್ದಕ್ಕೆ ಅರ್ಥ ಇದೆಯೇ ಎಂಬ ಉತ್ತರ. ಏನೂ ಬದಲಾಗದ ಕಣ್ಣನ್ನು ಮತ್ತೆ ಮತ್ತೆ ಅಳೆದಾಗ ಪ್ರತಿ ಅಳತೆ ತನ್ನ ಸರಾಸರಿಯಿಂದ ಸಾಮಾನ್ಯವಾಗಿ ಒಂದೂವರೆ ಅಂಕ ಆಚೀಚೆ ಸರಿಯುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಓಲಾಟ ಎರಡೂ ಅಳತೆಗಳಲ್ಲಿ ಇರುತ್ತದೆ, ಮೊದಲನೆಯದು ಮೇಲಕ್ಕೂ ಎರಡನೆಯದು ಕೆಳಕ್ಕೂ ಹೋಗಿರಬಹುದು. ಹಾಗೆ ಲೆಕ್ಕ ಹಾಕಿದರೆ ಎರಡರ ನಡುವೆ 4 ಅಂಕಗಳವರೆಗಿನ ಅಂತರ ಬರೀ ಓಲಾಟದಿಂದಲೇ ಬರಬಹುದು. 48ರಿಂದ 45ಕ್ಕೆ ಇಳಿದದ್ದು ಅದರೊಳಗೇ ಬಿತ್ತು. 48ರಿಂದ 42 ಆಗಿದ್ದರೆ ಮಾತು ಬೇರೆ. ವರದಿಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ಹಾಕಿಕೊಡುವ ಯಂತ್ರಗಳು ಈ 4 ಅಂಕಗಳ ಗಡಿಯನ್ನೂ ಪಕ್ಕದಲ್ಲಿ ಅಚ್ಚು ಮಾಡಿದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತದೆ.

ಓಲಾಟ ಕಡಿಮೆ ಇದ್ದ ಮಾತ್ರಕ್ಕೆ ಅಳತೆ ಉಪಯುಕ್ತ ಎಂದೂ ಅಲ್ಲ. ಅಕ್ಷಿಪಟಲದ ನಟ್ಟನಡುವೆ, ನಾವು ಅಕ್ಷರ ಓದುವ ಜಾಗದಲ್ಲಿ, ಅರ್ಧ ಮಿಲಿಮೀಟರ್ ಅಗಲದ ನಾಳರಹಿತ ಬಯಲು ಒಂದಿದೆ. ಬಿಳಿ ಬಲೆಯ ಮಧ್ಯೆ ಕಪ್ಪಗೆ ಕಾಣುತ್ತದೆ. ಅದರ ವಿಸ್ತೀರ್ಣವನ್ನು ಒಂದೇ ಯಂತ್ರ ಮತ್ತೆ ಮತ್ತೆ ಅಳೆದರೂ ಹೆಚ್ಚುಕಡಿಮೆ ಅದೇ ಸಂಖ್ಯೆ ಬರುತ್ತದೆ. ಆದರೆ ಆರೋಗ್ಯವಂತರಲ್ಲೇ ಈ ಬಯಲು ಒಬ್ಬರಿಗೆ ಪುಟ್ಟದು, ಇನ್ನೊಬ್ಬರಿಗೆ ಅದರ ಹಲವು ಪಟ್ಟು. ಒಂದೇ ಸಲದ ಅಳತೆಯಿಂದ ‘ನಿಮ್ಮದು ದೊಡ್ಡದಾಗಿದೆ’ ಎನ್ನಲು ಬರುವುದಿಲ್ಲ. ಅವರದೇ ಹಳೆಯ ಅಳತೆ ಕೈಯಲ್ಲಿದ್ದರೆ ಮಾತ್ರ ಅದು ಒಳ್ಳೆಯ ಸಾಕ್ಷಿ.

ನಿಂತ ಇರುವೆಗಳು

ಉಳಿದಿರುವ ಪ್ರಶ್ನೆಯೇ ಎಲ್ಲಕ್ಕಿಂತ ಆಳವಾದದ್ದು. ಸಾಲು ನಿಧಾನವಾದರೆ? ಸೆಕೆಂಡಿಗೆ 1 ಮಿಲಿಮೀಟರ್ ವೇಗದಲ್ಲಿ ಸಾಗುವ ರಕ್ತಕಣ 5 ಮಿಲಿಸೆಕೆಂಡಿನಲ್ಲಿ 5 ಮೈಕ್ರಾನ್ ಸರಿಯುತ್ತದೆ. ಕಣದ ಅಗಲ 7, 8 ಮೈಕ್ರಾನ್ ಇರುವುದರಿಂದ ಈ ಸರಿತ ಯಂತ್ರಕ್ಕೆ ಚೆನ್ನಾಗಿ ತಿಳಿಯುತ್ತದೆ. ವೇಗ ಅದರ ಹತ್ತನೇ ಒಂದು ಭಾಗಕ್ಕೆ ಇಳಿದರೆ ಸರಿದದ್ದು ಅರ್ಧ ಮೈಕ್ರಾನ್. ಎರಡು ಚಿತ್ರಗಳಲ್ಲಿ ವ್ಯತ್ಯಾಸ ಕಾಣದೆ ಯಂತ್ರ ಅಲ್ಲಿ ಕಪ್ಪು ಹಚ್ಚುತ್ತದೆ. ನಾಳ ಇದೆ, ರಕ್ತವೂ ಹರಿಯುತ್ತಿದೆ, ಚಿತ್ರದಲ್ಲಿ ಮಾತ್ರ ಇಲ್ಲ. ಸಕ್ಕರೆ ಕಾಯಿಲೆಯಲ್ಲಿ ಲೋಮನಾಳದ ಗೋಡೆ ಗುಳ್ಳೆಯಂತೆ ಉಬ್ಬುತ್ತದೆಯಲ್ಲ, ಬಣ್ಣ ಚುಚ್ಚಿ ತೆಗೆದ ಚಿತ್ರದಲ್ಲಿ ಕಾಣುವ ಅಂಥ ಗುಳ್ಳೆಗಳಲ್ಲಿ ಕೆಲವು ಓಸಿಟಿ ಆಂಜಿಯೋಗ್ರಫಿಯಲ್ಲಿ ಕಾಣದಿರಲು ಇದೂ ಕಾರಣ. ಗುಳ್ಳೆಯೊಳಗೆ ರಕ್ತ ಮಂದವಾಗಿ ಸುತ್ತುತ್ತಿರುತ್ತದೆ.

ಹಾಗಾಗಿ ಬಲೆಯಲ್ಲೊಂದು ಕಪ್ಪು ತೂತು ಕಂಡರೆ ಅಲ್ಲಿ ನಾಳ ಸತ್ತಿದೆಯೋ, ಸುಸ್ತಾಗಿದೆಯೋ, ಅಥವಾ ಆ ಹೊತ್ತಿಗೆ ಬೆಳಕು ಸಾಲದೆ ಹೋಯಿತೋ ಎಂದು ಒಂದೇ ಚಿತ್ರದಿಂದ ಹೇಳಲಾಗದು. ಅದಕ್ಕೆ ಸಂಶೋಧಕರು ಎರಡು ದಾರಿ ಹಿಡಿದಿದ್ದಾರೆ. ಒಂದು, ಎರಡು ನೋಟಗಳ ನಡುವಿನ ಅಂತರವನ್ನು ಬೇಕೆಂದೇ ಬದಲಿಸುವುದು. ಕಡಿಮೆ ಅಂತರದಲ್ಲಿ ಕಾಣದ ನಾಳ ಹೆಚ್ಚು ಅಂತರ ಕೊಟ್ಟಾಗ ಬೆಳ್ಳಗೆ ಎದ್ದುಬಂದರೆ ಅಲ್ಲಿ ರಕ್ತ ನಿಧಾನವಾಗಿ ಹರಿಯುತ್ತಿದೆ ಎಂದು ಗೊತ್ತಾಗುತ್ತದೆ. ಇನ್ನೊಂದು, ಒಂದೇ ಕೂರುವಿಕೆಯಲ್ಲಿ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಜೋಡಿಸುವುದು. ಗದ್ದಲ ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಬೀಳುವುದರಿಂದ ಸರಾಸರಿಯಲ್ಲಿ ಅಳಿಸಿ ಹೋಗುತ್ತದೆ, ನಿಜವಾದ ನಾಳ ಗಟ್ಟಿಯಾಗಿ ನಿಲ್ಲುತ್ತದೆ.

ಜೋಡಿಸುವ ಮೊದಲು ಬಿಡಿ ಚಿತ್ರಗಳನ್ನು ಒಂದೊಂದಾಗಿ ನೋಡುವುದೂ ಸಾರ್ಥಕ. ಎಲ್ಲದರಲ್ಲೂ ಕಪ್ಪಾಗಿಯೇ ಉಳಿದ ತೂತು ನಿಜವಾಗಿ ರಕ್ತ ನಿಂತ ಜಾಗವಿರಬಹುದು. ಆದರೆ ಸುತ್ತಲಿನ ನಾಳಗಳೆಲ್ಲ ಪ್ರತಿ ಚಿತ್ರದಲ್ಲೂ ಸ್ಪಷ್ಟವಾಗಿದ್ದು, ಒಂದು ಲೋಮನಾಳ ಮಾತ್ರ ಮೊದಲ ಚಿತ್ರದಲ್ಲಿ ಕಂಡು, ಎರಡನೆಯದರಲ್ಲಿ ಮಾಯವಾಗಿ, ಮೂರನೆಯದರಲ್ಲಿ ಮತ್ತೆ ಬಂದರೆ, ಬೆಳಕಿನ ಕೊರತೆಯನ್ನು ದೂರಲು ಬರುವುದಿಲ್ಲ. ಅಲ್ಲಿ ರಕ್ತವೇ ತಡೆದು ತಡೆದು ಹರಿಯುತ್ತಿರಬಹುದು. ಸಾಂದ್ರತೆಯ ಸರಾಸರಿ ಈ ನಾಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮುಚ್ಚಿ ಹೋಗಲಿರುವ ನಾಳವನ್ನು ಮುಚ್ಚುವ ಮೊದಲೇ ಗುರುತಿಸಬೇಕೆಂದರೆ ಹುಡುಕಬೇಕಾದದ್ದು ಇಂಥ ನಾಳವನ್ನೇ.